ಪೋರ್ಟ್ರೇಟ್ ಪ್ರಾಜೆಕ್ಟ್, ಐದನೇ ವಾರ: ಕ್ಲಿಕ್ ಆದ ಮೇಲಿನ ಮುಖ

ಆರು ಜನ. ಪ್ರತಿಯೊಬ್ಬರದ್ದೂ ಒಂದು ಫೋಟೋ, ಎರಡು ನಿಮಿಷದ ಒಂದು ವಿಡಿಯೋ. ಈ ಸೆಮಿಸ್ಟರ್‌ಗೆ ನಾನು ಒಪ್ಪಿಕೊಂಡಿರುವುದು ಇಷ್ಟೇ. ನಾಲ್ಕು ಜನರ ಶೂಟ್ ಮುಗಿದಿದೆ, ಆದರೆ ಮೊದಲ ಇಬ್ಬರದ್ದನ್ನು ಮತ್ತೆ ಮಾಡಬೇಕು. ಒಂದಕ್ಕೆ ಕಾರಣ ಟ್ಯೂಬ್‌ಲೈಟ್, ಇನ್ನೊಂದರ ಕಾರಣ ಸ್ವಲ್ಪ ದೊಡ್ಡದು.

ಮೊದಲನೆಯವಳು ನನ್ನ ಗೆಳತಿ. ಕಿಟಕಿ ಪಕ್ಕ ಕೂರಿಸಿದೆ, ತೆಳು ಬಿಳಿ ಪರದೆ ಎಳೆದೆ, ಬೆಳಕು ಮುಖಕ್ಕೆ ವಾಪಸ್ ಬೀಳಲಿ ಅಂತ ನೆರಳಿನ ಕಡೆ ಒಂದು ಥರ್ಮಾಕೋಲ್ ಶೀಟ್ ನಿಲ್ಲಿಸಿದೆ. 50 ಎಂಎಂ ಲೆನ್ಸ್, ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಚಿಕ್ಕದಿರುವ ನನ್ನ ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ ಅದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ 75 ಎಂಎಂ ಲೆನ್ಸಿನಷ್ಟೇ ಜಾಗ ತೋರಿಸುತ್ತದೆ. ಹಿನ್ನೆಲೆ ಮಸುಕಾಗಲಿ ಅಂತ ಎಫ್ 1.8 ಇಟ್ಟೆ (ಎಫ್ ಅಂದರೆ ಲೆನ್ಸಿನ ಬಾಯಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ಮನೆಗೆ ಬಂದು ದೊಡ್ಡ ಸ್ಕ್ರೀನಿನಲ್ಲಿ ನೋಡಿದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಒಂದು ಮೀಟರ್ ದೂರದಿಂದ ಈ ಲೆನ್ಸಿನಲ್ಲಿ ಎಫ್ 1.8ಕ್ಕೆ ಫೋಕಸ್ ಸಿಗುವ ಆಳ ಹೆಚ್ಚುಕಡಿಮೆ ಮೂರು ಸೆಂಟಿಮೀಟರ್, ಮುಖ ಸ್ವಲ್ಪ ತಿರುಗಿದ್ದರೂ ಎರಡು ಕಣ್ಣು ಅದರೊಳಗೆ ಹಿಡಿಸುವುದಿಲ್ಲ. ಎಫ್ 4ಕ್ಕೆ ಹೋದರೆ ಅದು ಆರು ದಾಟುತ್ತದೆ. ಈಗ ಹತ್ತಿರದಿಂದ ತೆಗೆಯುವಾಗ ನನ್ನ ಆರಂಭ ಎಫ್ 4.

ಇದು ಸುಲಭವಾಗಿ ಸರಿಹೋಗುವ ತಪ್ಪು. ಕಷ್ಟದ್ದು ಬೇರೆ ಇತ್ತು. ಅವತ್ತು ತೆಗೆದದ್ದು 140 ಫೋಟೋ, ಎಲ್ಲದರಲ್ಲೂ ಒಂದೇ ನಗು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಆ ನಗು ಬರುತ್ತಿತ್ತು, ಇಳಿಸಿದ ಕೂಡಲೇ ಹೋಗುತ್ತಿತ್ತು. ಆಮೇಲೆ ವಿಡಿಯೋ ಎಡಿಟ್ ಮಾಡಲು ಕೂತಾಗ ಕೊನೆಯಲ್ಲಿ ಏಳು ಸೆಕೆಂಡ್ ಸಿಕ್ಕಿತು. ನಾನು "ಆಯ್ತು" ಅಂದಿದ್ದೇನೆ, ಆದರೆ ರೆಕಾರ್ಡಿಂಗ್ ನಿಲ್ಲಿಸಿಲ್ಲ, ಅವಳು ಭುಜ ಇಳಿಸಿ, ಉಸಿರು ಬಿಟ್ಟು, ಕಿಟಕಿ ಆಚೆ ನೋಡುತ್ತಾಳೆ. ಅಷ್ಟೇ. ಇಷ್ಟು ವರ್ಷದಿಂದ ನನಗೆ ಗೊತ್ತಿರುವ ಮುಖ ಅದು, 140 ಫೋಟೋದಲ್ಲಿ ಎಲ್ಲೂ ಇರಲಿಲ್ಲ.

ಖುಷಿಯಿಂದ ಅವಳಿಗೆ ತೋರಿಸಿದೆ. ಅವಳು ಎರಡು ಸಲ ನೋಡಿದಳು. "ನಾನು ಇಷ್ಟು ಸುಸ್ತಾದವಳ ಥರ ಕಾಣ್ತೀನಾ? ಇದು ಬೇಡ ಕಣೇ, ಹಾಕಬೇಡ" ಅಂದಳು.

ನನಗೆ ತುಂಬ ಬೇಸರವಾಯಿತು, ಎರಡು ದಿನ ಅದನ್ನೇ ಯೋಚಿಸುತ್ತಿದ್ದೆ. ಆದರೆ ಅವಳು ಹೇಳಿದ್ದು ಸರಿ. ನಾನು "ಆಯ್ತು" ಅಂದಿದ್ದೆ, ಅಂದರೆ ಮುಗಿಯಿತು ಅಂತ ಅವಳು ನಂಬಿದ್ದಳು. ಆ ಏಳು ಸೆಕೆಂಡ್ ಅವಳು ನನಗೆ ಕೊಟ್ಟದ್ದಲ್ಲ. ಕ್ಲಿಪ್ ಅಳಿಸಿದೆ. ಮತ್ತೆ ಶೂಟ್ ಮಾಡೋಣ ಅಂದಾಗ ಅವಳು ತಕ್ಷಣ ಒಪ್ಪಿದಳು.

ಎರಡನೆಯವರು ಗ್ರಂಥಾಲಯದಲ್ಲಿ ಕೆಲಸ ಮಾಡುವವರು, ಪುಸ್ತಕದ ಸಾಲುಗಳ ನಡುವೆ ನಿಲ್ಲಿಸಿದ್ದೆ. ಫೋಟೋಗಳು ಚೆನ್ನಾಗಿವೆ. ವಿಡಿಯೋ ಪೂರ್ತಿ ಹಾಳು, ಗೋಡೆ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತಿವೆ. ಫೋಟೋಗೆ ಇಟ್ಟಿದ್ದ 1/200 ಶಟರನ್ನು, ಅಂದರೆ ಸೆಕೆಂಡಿನ 200ರಲ್ಲಿ ಒಂದು ಪಾಲು ಹೊತ್ತು ಮಾತ್ರ ಬೆಳಕು ಹಿಡಿಯುವುದನ್ನು, ಬದಲಿಸದೆ ವಿಡಿಯೋ ಒತ್ತಿದ್ದೆ. 50 ಹರ್ಟ್ಜ್ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಸೆನ್ಸರಿಗೆ ಗೊತ್ತಾಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಪ್ರತಿ ಫ್ರೇಮಿನಲ್ಲೂ ಸರಿಯಾಗಿ ಎರಡು ಮಿನುಗು ಬರುತ್ತದೆ, ಪಟ್ಟಿ ಇರುವುದಿಲ್ಲ, ಚಲನೆಯೂ ಸಹಜವಾಗಿ ಕಾಣುತ್ತದೆ. ಹೊರಗೆ ಬಿಸಿಲಿನಲ್ಲಿ 1/50 ಅಂದರೆ ಬೆಳಕು ವಿಪರೀತ ಜಾಸ್ತಿ, ಅದಕ್ಕೆ ಲೆನ್ಸ್ ಮುಂದೆ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕುತ್ತೇನೆ, ಪ್ರತಿ ಸ್ಟಾಪಿಗೂ ಬೆಳಕು ಅರ್ಧವಾಗಿ 64ರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ.

ಈ ನಡುವೆ ಓದುತ್ತಾ ಒಂದು ವಿಷಯ ಸಿಕ್ಕಿತು, ಅದರಿಂದ ಪ್ರಾಜೆಕ್ಟಿನ ದಾರಿಯೇ ಬದಲಾಯಿತು. 1964ರಿಂದ 1966ರವರೆಗೆ ಅಮೆರಿಕದ ಕಲಾವಿದ ಆಂಡಿ ವಾರ್‌ಹಾಲ್ ತನ್ನ ಸ್ಟುಡಿಯೋಗೆ ಬಂದವರನ್ನು 16 ಎಂಎಂ ಕ್ಯಾಮೆರಾ ಮುಂದೆ ಸುಮ್ಮನೆ ಕೂರಿಸುತ್ತಿದ್ದ. 100 ಅಡಿಯ ಒಂದು ರೀಲ್, ಮೂರು ನಿಮಿಷಕ್ಕಿಂತ ಸ್ವಲ್ಪ ಕಡಿಮೆ, ಶಬ್ದ ಇಲ್ಲ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದು 16ರಲ್ಲಿ ತೋರಿಸುತ್ತಿದ್ದ, ಹಾಗಾಗಿ ಅದು ನಾಲ್ಕು ನಿಮಿಷಕ್ಕೂ ಮೇಲೆ ಎಳೆಯುತ್ತದೆ, ರೆಪ್ಪೆ ಬಡಿಯುವುದೂ ನಿಧಾನ. ಕೂತವರಿಗೆ ಕ್ಯಾಮೆರಾ ಓಡುತ್ತಿರುವುದು ಗೊತ್ತು. ನನಗೆ ಬೇಕಾಗಿದ್ದದ್ದು ಇದೇ ಅಲ್ವಾ? ಕದ್ದು ಹಿಡಿಯುವುದು ಬೇಡ. ಗೊತ್ತಿದ್ದೂ ಮುಖ ತಾನಾಗಿ ಸಡಿಲವಾಗುವಷ್ಟು ಹೊತ್ತು ಕೊಟ್ಟರೆ ಸಾಕು.

ಹಾಗಾಗಿ ಮೂರನೆಯವರಿಂದ ವಿಡಿಯೋ ಮೊದಲು, ಫೋಟೋ ಆಮೇಲೆ. ಅವರು ಬಟ್ಟೆ ಹೊಲಿಯುವವರು. ಉತ್ತರ ಹೇಳಲು ಪ್ರತಿ ಸಲ ಮೆಷಿನ್ ನಿಲ್ಲಿಸುತ್ತಿದ್ದರು. "ನಿಲ್ಲಿಸಬೇಡಿ ಅಣ್ಣ, ಹೊಲಿಯುತ್ತಾ ಮಾತಾಡಿ" ಅಂದೆ. ಆಗ ಮಾತಿನ ನಡುವೆ ಮೆಷಿನ್ ಸದ್ದು ಏರಿ ಇಳಿಯುವುದು ಎಷ್ಟು ಚೆನ್ನಾಗಿ ಬಂತು! ಫ್ಯಾನ್ ಆಫ್ ಮಾಡಿಸಿ, ಯಾರೂ ಮಾತಾಡದೆ 30 ಸೆಕೆಂಡ್ ಬರೀ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಂಡೆ. ಮಾತು ಕತ್ತರಿಸಿ ಜೋಡಿಸುವ ಕಡೆಯೆಲ್ಲ, ಜೋಡಣೆ ಕಿವಿಗೆ ಗೊತ್ತಾಗದ ಹಾಗೆ ಅದೇ ಮಾತಿನ ಕೆಳಗೆ ಕೂರುತ್ತದೆ.

ನಾಲ್ಕನೆಯದು ಅಜ್ಜಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ಕಣ್ಣಿನ ಎತ್ತರಕ್ಕೆ. ನಾನು ಪಕ್ಕದಲ್ಲಿ.

"ಏನ್ ಮಾಡ್ಲಿ ನಾನು?"

"ಏನೂ ಬೇಡ ಅಜ್ಜಿ, ಸುಮ್ನೆ ಕೂತಿರು. ಮೂರು ನಿಮಿಷ. ಕೆಂಪು ದೀಪ ಇರೋವರೆಗೂ ರೆಕಾರ್ಡ್ ಆಗ್ತಿರುತ್ತೆ."

ಮೊದಲ ಅರ್ಧ ನಿಮಿಷ ಕನ್ನಡಕ ಸರಿ ಮಾಡಿಕೊಂಡಳು, ನೆಟ್ಟಗೆ ಕೂತಳು, ನನ್ನ ಕಡೆ ನೋಡಿ ಆಯ್ತಾ ಅನ್ನುವ ಹಾಗೆ ಹುಬ್ಬು ಎತ್ತಿದಳು. ಒಂದು ನಿಮಿಷ ದಾಟಿದ ಮೇಲೆ ಕೈಬೆರಳುಗಳು ಒಂದನ್ನೊಂದು ಹಿಡಿದುಕೊಂಡವು. ಎರಡನೇ ನಿಮಿಷದ ಹೊತ್ತಿಗೆ ಅವಳು ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದಳು, ನಗು ಇಲ್ಲ, ಸಿಟ್ಟೂ ಇಲ್ಲ, ಏನನ್ನೋ ನೆನಪು ಮಾಡಿಕೊಳ್ಳುತ್ತಿರುವ ಮುಖ. ಆಮೇಲೆ ಫೋಟೋ ತೆಗೆದಾಗಲೂ ಅದೇ ಮುಖ ಇತ್ತು. ಒಂಬತ್ತೇ ಕ್ಲಿಕ್. ಮೂರನೆಯದನ್ನು ಅಜ್ಜಿಯೇ ಆರಿಸಿದಳು.

ಒಂದು ಸಮಸ್ಯೆ ಇನ್ನೂ ಉಳಿದಿದೆ. ಫೋಟೋಗಳೆಲ್ಲ ಉದ್ದಕ್ಕೆ, ವಿಡಿಯೋ ಅಡ್ಡಕ್ಕೆ. ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಪ್ರಾಜೆಕ್ಟಿನ ಥರ ಕಾಣುತ್ತವೆ. ಕ್ಯಾಮೆರಾ ತಿರುಗಿಸಿ ವಿಡಿಯೋವನ್ನೂ ಉದ್ದಕ್ಕೇ ತೆಗೆದರೆ ಮುಖಕ್ಕೆ ಸರಿ, ಆದರೆ ಹೊಲಿಗೆ ಮೆಷಿನ್ ಫ್ರೇಮಿನಲ್ಲಿ ಹಿಡಿಸುವುದಿಲ್ಲ. ಉಳಿದವರದ್ದನ್ನು ಎರಡೂ ರೀತಿ ತೆಗೆದು ನೋಡುತ್ತೇನೆ.

ಶನಿವಾರ ಗೆಳತಿ ಬರುತ್ತಾಳೆ. ಈ ಸಲ ಜಾಗ ಆರಿಸಿದ್ದು ಅವಳೇ, ಅವರ ಮನೆಯ ಮೆಟ್ಟಿಲು. ಅಲ್ಲಿ ಬೆಳಕು ನೇರ ಮೇಲಿಂದ ಬೀಳುತ್ತದೆ, ಕಣ್ಣಿನ ಕೆಳಗೆ ಕಪ್ಪು ನೆರಳು ಬರುತ್ತದೆ. ಥರ್ಮಾಕೋಲ್ ಶೀಟನ್ನು ಅವಳ ಮೊಣಕಾಲ ಮೇಲೆ, ಫ್ರೇಮಿಗೆ ಸಿಗದ ಹಾಗೆ ಇಟ್ಟು ನೋಡಬೇಕು.