ಕಜಕಿಸ್ತಾನದ ಕಾವಲು ತಾಣಗಳು: ಕಿಲೋಮೀಟರ್ ಲೆಕ್ಕ ಸಾಲದು

ದೊಡ್ಡ ನಗರ ಅಲ್ಮಾಟಿಯಿಂದ ಯಾವುದು ಎಷ್ಟು ದೂರ ಎಂದು ನಕ್ಷೆ ನೋಡಿ ದಿನ ಹಂಚಿಕೊಂಡು ಹೊರಟವರಿಗೆ ಕಜಕಿಸ್ತಾನ ಗೇಟಿನಲ್ಲೇ ಕೈಕೊಡುತ್ತದೆ. ಇನ್ನೂರು ಕಿಲೋಮೀಟರ್ ದೂರದ ಒಂದು ತಾಣಕ್ಕೆ ನೇರ ನುಗ್ಗಬಹುದು. ಅಷ್ಟೇ ದೂರದ ಇನ್ನೊಂದಕ್ಕೆ ಮೊದಲು ಯಾವುದೋ ಹಳ್ಳಿಯ ಕಚೇರಿಯಲ್ಲಿ ಪ್ರವೇಶದ ಚೀಟಿ ಬರೆಸಬೇಕು, ಮೂರನೆಯದಕ್ಕೆ ಕಾವಲಿನವರು ಜೊತೆಗೆ ಬಾರದೆ ಕಾಲಿಡುವಂತೆಯೇ ಇಲ್ಲ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಜಾಗದ ಬಗೆ.

ಅತಿ ಬಿಗಿಯಾದದ್ದು ಕೊರಿಕ್, ರಷ್ಯನ್‌ನಲ್ಲಿ ಜಪೊವೆದ್ನಿಕ್. ಅಲ್ಲಿ ಪ್ರಾಣಿ, ಗಿಡಗಳದ್ದೇ ರಾಜ್ಯಭಾರ, ಮನುಷ್ಯ ಅತಿಥಿ ಮಾತ್ರ. ಎರಡನೆಯದು ರಾಷ್ಟ್ರೀಯ ಉದ್ಯಾನ: ಟಿಕೆಟ್ ಕೊಂಡು ಗೊತ್ತುಮಾಡಿದ ದಾರಿಗಳಲ್ಲಿ ಓಡಾಡಬಹುದು. ಮೂರನೆಯದು ಕೊರಿಕ್-ಮುಜೆಯ್, ಅಂದರೆ ಬಯಲಲ್ಲೇ ಇರುವ ಸಂಗ್ರಹಾಲಯ. ಬಂಡೆಚಿತ್ರಗಳೂ ದೊಡ್ಡ ಸಮಾಧಿಗಳೂ ಇದರಡಿ ಬರುತ್ತವೆ.

ಶುಲ್ಕದ ಬಗ್ಗೆ ಒಂದು ಮಾತು. ಹಳೆಯ ಪ್ರವಾಸ ಬರಹಗಳಲ್ಲಿ ಇರುವ ದರ ಯಾವತ್ತೂ ತಾಳೆಯಾಗುವುದಿಲ್ಲ. ಅಲ್ಲಿ ಸರ್ಕಾರಿ ಶುಲ್ಕಗಳನ್ನು ಎಂಆರ್‌ಪಿ ಎಂಬ ಮಾಸಿಕ ಸೂಚ್ಯಂಕದ ಇಂತಿಷ್ಟು ಪಾಲು ಎಂದು ಕಟ್ಟುತ್ತಾರೆ (ಗರಿಷ್ಠ ಮಾರಾಟ ಬೆಲೆ ಎಂದುಕೊಳ್ಳಬೇಡಿ). 2025ರಲ್ಲಿ ಅದು 3,932 ಟೆಂಗೆ (ಅಲ್ಲಿನ ಹಣ). ವರ್ಷ ತಿರುಗಿದಂತೆ ಸೂಚ್ಯಂಕ ಏರುತ್ತದೆ, ಟಿಕೆಟ್ಟೂ ಏರುತ್ತದೆ. ಊರವರೆಲ್ಲ ಕಾಸ್ಪಿ ಆ್ಯಪ್‌ನಲ್ಲಿ ಹಣ ಕಳಿಸಿ ಮುಗಿಸುತ್ತಾರೆ. ಅಲ್ಲಿನ ಖಾತೆ ಇಲ್ಲದ ಹೊರಗಿನವರಿಗೆ ಅದು ಒದಗುವುದಿಲ್ಲ. ಹಳ್ಳಿಗಳಲ್ಲಿ ಕಾರ್ಡನ್ನು ನಂಬಿ ಕೂರುವಂತಿಲ್ಲ. ಚಿಲ್ಲರೆ ಟೆಂಗೆ ನೋಟುಗಳನ್ನು ನಗರದಲ್ಲೇ ತೆಗೆದಿಟ್ಟುಕೊಳ್ಳಿ. ಚೀಟಿ ಬರೆಸುವಾಗ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಇಲ್ಲದೆ ಒಮ್ಮೆಗೆ 14 ದಿನ ಇರಲು 2022ರಿಂದ ಅವಕಾಶವಿದೆ. ಹೊರಡುವ ಮುಂಚೆ ಒಮ್ಮೆ ಖಚಿತಪಡಿಸಿಕೊಳ್ಳಿ.

ಇನ್ನೊಂದು ಸದ್ದಿಲ್ಲದ ತಾಪತ್ರಯ ಗಡಿಯಾರದ್ದು. 2024ರ ಮಾರ್ಚ್ 1ರಿಂದ ಇಡೀ ದೇಶ ಒಂದೇ ಹೊತ್ತಿಗೆ ಬಂತು, ಅಲ್ಮಾಟಿಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯಿತು. ಈಗ ಅದು ಭಾರತದ ವೇಳೆಗಿಂತ ಅರ್ಧ ಗಂಟೆ ಹಿಂದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಹಳೆಯ ಬರಹ ನಂಬಿ ‘ಐದು ಗಂಟೆಯ ಬೆಳಕಿಗೆ’ ಹೋದವರಿಗೆ ಕತ್ತಲೆಯೇ ಗತಿ.

ಬೆಳಕು ಯಾಕಿಷ್ಟು ಮುಖ್ಯ ಎನ್ನುವುದು ತಾನ್‌ಬಾಲಿಯಲ್ಲಿ ಗೊತ್ತಾಗುತ್ತದೆ. ತಮ್‌ಗಾಲಿ ಎಂದೂ ಬರೆಯುತ್ತಾರೆ. ಅಲ್ಮಾಟಿಯಿಂದ ವಾಯವ್ಯಕ್ಕೆ ಸುಮಾರು 170 ಕಿಲೋಮೀಟರ್, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಕಣಿವೆ. ಐದು ಸಾವಿರದಷ್ಟು ಬಂಡೆಚಿತ್ರಗಳಿವೆ, ಹಳೆಯವು ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದವು. ಹೊರಡುವ ಮುಂಚೆ ಚಾಲಕರಿಗೆ ‘ಪೆಟ್ರೊಗ್ಲಿಫ್’ ಎಂದು ಒತ್ತಿ ಹೇಳಿ. ಯಾಕೆಂದರೆ ತಮ್‌ಗಾಲಿ-ತಾಸ್ ಎಂಬ ಇನ್ನೊಂದು ಜಾಗ ಇಲಿ ನದಿಯ ದಂಡೆಯಲ್ಲಿದೆ. ಅಲ್ಲಿ ಬುದ್ಧನ ರೇಖಾಚಿತ್ರಗಳೂ ಟಿಬೆಟನ್ ಬರಹಗಳೂ ಇವೆ. ಅದೂ ನೋಡಬೇಕಾದದ್ದೇ, ಆದರೆ ದಾರಿಯೇ ಬೇರೆ. ಹೆಸರು ಅರ್ಧ ಹೇಳಿ ಅರ್ಧ ದಿನ ಕಳೆದುಕೊಳ್ಳುವುದು ಇಲ್ಲಿ ಸಲೀಸು.

ಕಣಿವೆಯ ಬಂಡೆಗಳಿಗೆ ಬಿಸಿಲುಗಾಳಿಯಿಂದ ಎಣ್ಣೆ ಸವರಿದಂಥ ಕಪ್ಪು ಹೊಳಪು ಕಟ್ಟಿದೆ. ಆ ಹೊಳಪಿನ ಪದರವನ್ನು ಕಲ್ಲಿನಿಂದಲೋ ಲೋಹದಿಂದಲೋ ಕುಟ್ಟಿ ಕುಟ್ಟಿ, ಒಳಗಿನ ತಿಳಿ ಬಣ್ಣ ಕಾಣುವಂತೆ ಚಿತ್ರ ಬಿಡಿಸಿದ್ದಾರೆ. ಹತ್ತಿರ ಬಗ್ಗಿ ನೋಡಿದರೆ ಗೆರೆ ಕಾಣುವುದಿಲ್ಲ, ಸಣ್ಣ ಸಣ್ಣ ಗುಳಿಗಳ ಮಂದೆ ಕಾಣುತ್ತದೆ. ಸಾವಿರಾರು ವರ್ಷಗಳಲ್ಲಿ ಆ ಗುಳಿಗಳಿಗೂ ಕಪ್ಪು ಹತ್ತುತ್ತದೆ. ಹಾಗಾಗಿ ಎದ್ದು ಕಾಣುವ ಬಿಳಿಚು ಚಿತ್ರ ಸಾಮಾನ್ಯವಾಗಿ ಈಚಿನದು. ಬಂಡೆಯ ಬಣ್ಣದಲ್ಲೇ ಕರಗಿ, ಕಣ್ಣು ಕಿರಿದಾಗಿಸಿದರೆ ಮಾತ್ರ ಸಿಗುವ ಗೂಳಿ ಹಳೆಯದು. ನಡುಮಧ್ಯಾಹ್ನ ಹೊಳಪು ಕನ್ನಡಿಯಂತೆ ಮಿಂಚಿ ಎಲ್ಲ ಅಳಿಸಿಹಾಕುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಗುಳಿಗಳಲ್ಲಿ ನೆರಳು ತುಂಬಿ ಚಿತ್ರ ಎದ್ದು ನಿಲ್ಲುತ್ತದೆ. ತಲೆಯ ಜಾಗದಲ್ಲಿ ಸೂರ್ಯನಂತೆ ಕಿರಣ, ಚುಕ್ಕಿಗಳನ್ನು ಹೊತ್ತ ದೇವತೆಗಳು, ಅವರ ಕೆಳಗೆ ಕುಣಿಯುವ ಪುಟ್ಟ ಮನುಷ್ಯರು: ಇವರನ್ನು ನೋಡಲು ಬೆಳಗಿನ ಮೊದಲ ಗಂಟೆಗಳೋ ಇಳಿಹೊತ್ತೋ ಆಗಬೇಕು. ಚಿತ್ರ ಸ್ಪಷ್ಟವಾಗಲೆಂದು ನೀರು ಚಿಮುಕಿಸುವುದು, ಸೀಮೆಸುಣ್ಣ ತೀಡುವುದು, ಬೆರಳಾಡಿಸುವುದು ಬೇಡ. ಬೆರಳಿನ ಜಿಡ್ಡು, ಸುಣ್ಣದ ಪುಡಿ ಎರಡೂ ಗುಳಿಗಳಲ್ಲೇ ಉಳಿಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲಿನಲ್ಲಿ ಉಣ್ಣೆ ಹುಳುಗಳ ಕಾಟ, ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ. ನೆರಳು ಹುಡುಕಬೇಡಿ, ಇಲ್ಲವೆಂದೇ ತಿಳಿಯಿರಿ. ನೀರು ಒಬ್ಬರಿಗೆ ಎರಡು ಲೀಟರ್ ಹೊತ್ತೊಯ್ಯಿರಿ.

ಅಲ್ತಿನ್-ಎಮೆಲ್ ರಾಷ್ಟ್ರೀಯ ಉದ್ಯಾನವನ್ನು (ಸ್ಥಾಪನೆ 1996) ಒಂದೇ ದಿನದಲ್ಲಿ ಮುಗಿಸುವ ಹಟ ದಂಡ. ಅಲ್ಮಾಟಿಯಿಂದ ಸುಮಾರು 250 ಕಿಲೋಮೀಟರ್ ದೂರದ ಬಾಸ್ಶಿ ಹಳ್ಳಿಯಲ್ಲಿ ಅದರ ಕಚೇರಿ. ಚೀಟಿ ಅಲ್ಲಿ ಸಿಗುತ್ತದೆ. ಹಾಡುವ ಮರಳುದಿಬ್ಬ ಒಂದು ದಿಕ್ಕಿಗೆ, ಅಕ್ತಾವ್‌ನ ಬಿಳಿ-ಕೆಂಪು ಜೇಡಿಬೆಟ್ಟಗಳು ಇನ್ನೊಂದು ದಿಕ್ಕಿಗೆ. ಎರಡನ್ನೂ ಸೇರಿಸಿದರೆ ಒಳಗೇ ನೂರಾರು ಕಿಲೋಮೀಟರ್ ಜಲ್ಲಿದಾರಿ. ಪೆಟ್ರೋಲ್ ಟ್ಯಾಂಕನ್ನು ಹೆದ್ದಾರಿಯ ಪಟ್ಟಣದಲ್ಲೇ ತುಂಬಿಸಿ, ಸ್ಟೆಪ್ನಿಯ ಗಾಳಿ ನೋಡಿಸಿ. ಮಳೆ ಬಿದ್ದ ಮರುದಿನ ಅಕ್ತಾವ್ ಕಡೆ ಹೋಗಲೇಬೇಡಿ. ಜೇಡಿ ಚಕ್ರಕ್ಕೆ ಅಂಟಿ ಕಾರು ಕೂತುಬಿಡುತ್ತದೆ, ಎಳೆಯಲು ಬರುವವರಿಗಾಗಿ ಕಾಯುವುದು ನಿಮ್ಮ ಪುಣ್ಯ.

ದಿಬ್ಬ ಹಾಡುವುದಕ್ಕೂ ಒಣಹವೆಯೇ ಬೇಕು. ಹೆಚ್ಚುಕಡಿಮೆ ಒಂದೇ ಗಾತ್ರದ ನುಣುಪು ಕಾಳುಗಳು ಒಟ್ಟಾಗಿ ಜಾರುವಾಗ ಒಂದಕ್ಕೊಂದು ತೀಡಿ ದೂರದ ವಿಮಾನದಂಥ ಗುಂಯ್‌ಗುಡುವಿಕೆ ಎಬ್ಬಿಸುತ್ತವೆ. ಸ್ವಲ್ಪ ತೇವವಿದ್ದರೂ ಕಾಳುಗಳು ಕಚ್ಚಿಕೊಂಡು ಸುಮ್ಮನಾಗುತ್ತವೆ. ನೂರು ಮೀಟರಿಗೂ ಮೀರಿದ ಎತ್ತರವನ್ನು ಕಡಿದಾದ ಮುಖದಿಂದ ಹತ್ತಲು ಹೋದರೆ ಎರಡು ಹೆಜ್ಜೆ ಮೇಲಕ್ಕೆ, ಒಂದು ಕೆಳಕ್ಕೆ. ಏಣಿನ ಮೇಲೆಯೇ ಹತ್ತಿ. ತುದಿಯಲ್ಲಿ ಕೂತು ಕಡಿದಾದ ಬದಿಗೆ ಜಾರಿದರೆ ದನಿ ಕಿವಿಗಿಂತ ಮೊದಲು ತೊಡೆಗೆ ತಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಬರಿಗಾಲು ಸುಡುತ್ತದೆ, ಬೆಳಿಗ್ಗೆಯೇ ಮುಗಿಸಿ.

ಚಾರಿನ್ ಕಮರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲರೂ ಹೋಗುತ್ತಾರೆ, ದಾರಿ ಸುಲಭ. ಇಳಿದಷ್ಟೇ ಹತ್ತಬೇಕು ಎನ್ನುವುದನ್ನು ಮಾತ್ರ ಜುಲೈನಲ್ಲಿ ಮರೆಯಬಾರದು.

ದಕ್ಷಿಣದಲ್ಲಿ ಅಕ್ಸು-ಜಬಾಗ್ಲಿ ನಿಜವಾದ ಕೊರಿಕ್. 1926ರಲ್ಲಿ ಆದದ್ದು, ಮಧ್ಯ ಏಷ್ಯಾದಲ್ಲೇ ಮೊದಲನೆಯದು. 2016ರಲ್ಲಿ ಪಶ್ಚಿಮ ತಿಯೆನ್ ಶಾನ್ ಪರ್ವತಸಾಲಿನ ಭಾಗವಾಗಿ, ಕಿರ್ಗಿಸ್ತಾನ, ಉಜ್ಬೇಕಿಸ್ತಾನದ ತಾಣಗಳ ಜೊತೆ ವಿಶ್ವ ಪರಂಪರೆಯಾಯಿತು. ಜಬಾಗ್ಲಿ ಹಳ್ಳಿಯ ತಂಗುಮನೆಯವರಿಗೆ ಮುಂಚೆಯೇ ಹೇಳಿಟ್ಟರೆ ಚೀಟಿ, ಕಾವಲಿನವರು, ಕುದುರೆ ಮೂರನ್ನೂ ಹೊಂದಿಸುತ್ತಾರೆ. ಬಂದ ದಿನವೇ ಬೆಟ್ಟಕ್ಕೆ ಹೋಗುತ್ತೇನೆಂದರೆ ಆಗುವುದಿಲ್ಲ, ಒಂದು ರಾತ್ರಿ ಊರಲ್ಲೇ ಕಳೆಯಿರಿ. ಏಪ್ರಿಲ್ ನಡುವಿನಿಂದ ಮೇವರೆಗೆ ಗ್ರೇಗ್ ಟ್ಯುಲಿಪ್ ಅರಳುತ್ತದೆ, ಅಂಗೈ ತುಂಬುವ ಕೆಂಪು ಹೂ, ಎಲೆಯ ಮೇಲೆ ನೇರಳೆ ಗೀರು. ಕೀಳುವುದು ಅಪರಾಧ. ಎತ್ತರ ಏರಿದಂತೆ ಹೂ ತಡವಾಗುವುದರಿಂದ, ಕೆಳಗೆ ಬಾಡಿದ್ದರೆ ಮೇಲೆ ಕೇಳಿ ನೋಡಿ.

ಅಲ್ಲಿಂದ ಶಿಮ್‌ಕೆಂತ್ ನಗರ ದಾಟಿದರೆ ತುರ್ಕಿಸ್ತಾನ್ ಎಂಬ ಊರು. ಅಲ್ಲಿನ ಸೂಫಿ ಸಂತ ಖೋಜಾ ಅಹ್ಮದ್ ಯಾಸಾವಿಯ ಸಮಾಧಿ ಮಂದಿರ 2003ರಿಂದ ವಿಶ್ವ ಪರಂಪರೆ. ಇದು ಯಾತ್ರಾಸ್ಥಳ, ಮೈ ಮುಚ್ಚುವ ಬಟ್ಟೆ ಇರಲಿ, ಹೆಂಗಸರು ತಲೆಗೆ ವಸ್ತ್ರ ಇಟ್ಟುಕೊಂಡರೆ ಒಳ್ಳೆಯದು. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ನಡುಮನೆಯಲ್ಲಿ 1399ರಲ್ಲಿ ಎರಕ ಹೊಯ್ದ ಎರಡು ಟನ್ ತೂಕದ ಹಂಡೆ ತಾಯ್‌ಕಜಾನ್ ಇದೆ. 1935ರಲ್ಲಿ ಲೆನಿನ್‌ಗ್ರಾದ್‌ಗೆ ಒಯ್ದದ್ದು 1989ರಲ್ಲಿ ಮರಳಿತು. ಅದರ ಮೇಲಿನ ಗುಮ್ಮಟದ ವ್ಯಾಸ 18.2 ಮೀಟರ್. ಮಂದಿರ ಕಟ್ಟಿಸುತ್ತಿದ್ದ ದೊರೆ ತೈಮೂರ್ 1405ರಲ್ಲಿ ಸತ್ತದ್ದರಿಂದ ಮುಂಬಾಗಿಲ ಕಮಾನಿಗೆ ಬಣ್ಣದ ಬಿಲ್ಲೆ ಹಚ್ಚುವ ಕೆಲಸ ನಿಂತೇಹೋಯಿತು. ಬರಿ ಇಟ್ಟಿಗೆಯ ಗೋಡೆಯಿಂದ ಅಟ್ಟಣಿಗೆಯ ಮರದ ತೊಲೆಗಳು ಇಂದಿಗೂ ಹೊರಚಾಚಿಕೊಂಡಿವೆ. ಆ ಬಾಗಿಲು ಆಗ್ನೇಯಕ್ಕಿರುವುದರಿಂದ ಬೆಳಿಗ್ಗೆ ಹೋದರೆ ತೊಲೆಗಳ ನೆರಳು ಗೋಡೆಗೆ ಬೀಳುವುದು ಕಾಣುತ್ತದೆ. ಗೀರುಗೀರಿನ ನೀಲಿ ಗುಮ್ಮಟವಿರುವ ಹಿಂಬದಿಗೆ ಬೇಸಿಗೆಯ ಸಂಜೆ ಬನ್ನಿ, ಅಲ್ಲಿ ಜನವೂ ಕಡಿಮೆ.