ಬೆಂಕಿಗೆ ಬಿದ್ದ ಬಣ್ಣಗಳು

ಆನ್ ಬ್ರಾಂಟೆ 1848ರಲ್ಲಿ ಆಕ್ಟನ್ ಬೆಲ್ ಎಂಬ ಕಾವ್ಯನಾಮದಿಂದ ಪ್ರಕಟಿಸಿದ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಕಾದಂಬರಿಯನ್ನು ಈ ವಾರ ಎರಡನೆಯ ಸಲ ಓದಿ ಮುಗಿಸಿದೆ. ಕುಡುಕ ಗಂಡನ ಮನೆಯಿಂದ ಎಳೆಯ ಮಗನೊಂದಿಗೆ ತಪ್ಪಿಸಿಕೊಳ್ಳುವ ಹೆಲೆನ್‌ಳ ಕಥೆಯಿದು.

ನನ್ನನ್ನು ಬಹಳ ಕಾಡಿದ್ದು ಅವಳ ಮೊದಲ ಪ್ರಯತ್ನ ಮುರಿದುಬೀಳುವ ರಾತ್ರಿ. ಚಿತ್ರ ಬರೆದು ಮಾರಿ ಮಗನನ್ನು ಸಾಕಬೇಕೆಂದು ಅವಳು ಗುಟ್ಟಾಗಿ ಸಿದ್ಧತೆ ಮಾಡಿಕೊಂಡಿರುತ್ತಾಳೆ. ಗಂಡ ಅವಳ ದಿನಚರಿಯನ್ನು ಕಸಿದು ಓದಿ, ಬೀಗದ ಕೈಗಳನ್ನು ಕಿತ್ತುಕೊಂಡು, ಕುಂಚ, ಬಣ್ಣಗಳನ್ನೆಲ್ಲ ಬೆಂಕಿಗೆ ಹಾಕುತ್ತಾನೆ, ಟರ್ಪೆಂಟೈನ್ ಭುಗಿಲೆದ್ದು ಚಿಮಣಿಯೊಳಗೆ ಮೊರೆಯುತ್ತದೆ. ಸುಟ್ಟುಹೋದದ್ದು ಒಬ್ಬ ತಾಯಿಯ ಜೀವನೋಪಾಯ. ಆದರೂ ಅವಳು ಕೈಚೆಲ್ಲುವುದಿಲ್ಲ, ಏಕೆಂದರೆ ಆ ಪುಟ್ಟ ಹುಡುಗನಿಗೆ ಅಪ್ಪನೂ ಅವನ ಗೆಳೆಯರೂ ಆಗಲೇ ಕುಡಿಯುವುದನ್ನೂ ಬೈಯುವುದನ್ನೂ ಕಲಿಸತೊಡಗಿದ್ದಾರೆ.

ಕಥೆ ನಡೆಯುವುದು 1820ರ ದಶಕದ ಇಂಗ್ಲೆಂಡಿನಲ್ಲಿ. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇರಿಸಿಕೊಳ್ಳಲು ತಾಯಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದೆಂಬ ಕಾಯ್ದೆ ಅಲ್ಲಿ ಬಂದದ್ದು 1839ರಲ್ಲಿ. ವಿವಾಹಿತೆಯ ದುಡಿಮೆಯ ಹಣ ಅವಳದೇ ಎಂದು ಕಾನೂನು ಒಪ್ಪಿದ್ದು 1870ರಲ್ಲಿ. ಆದ್ದರಿಂದ ಹೆಲೆನ್ ಮಗನನ್ನು ಕರೆದೊಯ್ದದ್ದಕ್ಕಾಗಲಿ, ಚಿತ್ರ ಮಾರಿ ಗಳಿಸಿದ ಹಣಕ್ಕಾಗಲಿ ಕಾನೂನಿನ ಆಸರೆಯೇ ಇರಲಿಲ್ಲ.

ಹೆಲೆನ್‌ಳನ್ನು ಪ್ರೀತಿಸುವ ನೆರೆಯ ರೈತ ಗಿಲ್ಬರ್ಟ್‌ನ ಪ್ರೇಮದ ಭಾಗಗಳು ನನಗೆ ಸಪ್ಪೆಯೆನಿಸಿದವು. ಆದರೆ ಹಳೆಯ ಸೇವಕಿ ರೇಚಲ್‌ಳ ನಿಷ್ಠೆಯನ್ನು ಮರೆಯಲಾರೆ. ತಲೆಮರೆಸಿಕೊಂಡ ಹೆಲೆನ್ ತಾನಿರುವ ಪಾಳುಮನೆಯ ಚಿತ್ರ ಬರೆಯುತ್ತಾಳೆ; ಗಂಡನಿಗೆ ಸುಳಿವು ಸಿಗದಿರಲೆಂದು ಅದಕ್ಕೆ ಬೇರೊಂದು ಊರಿನ ಹೆಸರಿಟ್ಟು, ತನ್ನದಲ್ಲದ ಅಂಕಿತ ಹಾಕಿ ಲಂಡನ್ನಿಗೆ ಕಳುಹಿಸುತ್ತಾಳೆ.