ಎರಡೇ ಕೈಯಲ್ಲಿ ನಟರಾಜ

ಜಿನೀವಾ ಊರಿನ ಅಂಚಿಗೆ ಸರ್ನ್ ಎಂಬ ದೊಡ್ಡ ಭೌತವಿಜ್ಞಾನ ಪ್ರಯೋಗಾಲಯವಿದೆ. ಅದರ ಆವರಣದಲ್ಲಿ ಎರಡು ಮೀಟರ್ ಎತ್ತರದ ನಟರಾಜ ನಿಂತಿದ್ದಾನೆ. 2004ರಲ್ಲಿ ಭಾರತ ಸರ್ಕಾರ ಕೊಟ್ಟ ಉಡುಗೊರೆ. ಇಲ್ಲಿಗೆ ಬಂದ ಮೊದಲ ಚಳಿಗಾಲ, ಅಲ್ಲಿ ಕೆಲಸ ಮಾಡುವ ಗೆಳತಿ ಕರೆದುಕೊಂಡು ಹೋಗಿ ತೋರಿಸಿದಳು. ಕೋಟಿನ ಜೇಬಿನಲ್ಲಿದ್ದ ಕೈ ತಾನಾಗಿಯೇ ಹೊರಬಂದು ಮುಗಿದವು.

ಶನಿವಾರ ಏಳೆಂಟು ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ಅರ್ಧದಷ್ಟು ನಮ್ಮವರು, ಉಳಿದವರು ಇಲ್ಲಿಯವರೇ. ಅವರಲ್ಲೊಬ್ಬಳು ಅಪ್ಪನ ಜೊತೆ ಹೋಗಿ ಆ ಮೂರ್ತಿ ನೋಡಿ ಬಂದಿದ್ದಳು. "ಟೀಚರ್, ಅವನಿಗೆ ನಾಲ್ಕು ಕೈ. ನನಗೆ ಎರಡೇ. ಹೇಗೆ ಮಾಡೋದು?" ಅಂತ ಫ್ರೆಂಚಿನಲ್ಲಿ ಕೇಳಿದಳು.

ಎಷ್ಟು ಒಳ್ಳೆ ಪ್ರಶ್ನೆ, ಅಲ್ವಾ! ನಮ್ಮ ಬಾದಾಮಿಯ ಮೊದಲ ಗುಹೆಯ ಶಿವನಿಗಂತೂ 18 ಕೈ. ಶಿಲ್ಪಿ ಅಷ್ಟನ್ನೂ ಒಟ್ಟಿಗೆ ಕಡೆದಿದ್ದಾನೆ. ನಾವು ಒಂದಾದ ಮೇಲೊಂದು ತೋರಿಸಬೇಕು. ಡಮರು ಬಾರಿಸಿ, ಬೆಂಕಿ ಹಿಡಿದು, ಆಮೇಲೆ ಬಲಗೈ ಅಭಯಕ್ಕೆ, ಎಡಗೈ ಎತ್ತಿದ ಪಾದದ ಕಡೆಗೆ. ನೋಡುವವರ ಮನಸ್ಸಿನಲ್ಲಿ ನಾಲ್ಕೂ ಕೂಡಿಕೊಳ್ಳುತ್ತವೆ.

ನಾಟ್ಯದ ಹಳೆಯ ಗ್ರಂಥ ಅಭಿನಯದರ್ಪಣದಲ್ಲಿ ಒಂದೊಂದು ದೇವರಿಗೂ ಹಸ್ತ, ಅಂದರೆ ಕೈಮುದ್ರೆ, ಹೇಳಿದ್ದಾರೆ. ವಿಷ್ಣುವಿಗೆ ಎರಡೂ ಕೈಯಲ್ಲಿ ತ್ರಿಪತಾಕ, ಲಕ್ಷ್ಮಿಗೆ ಹೆಗಲ ಹತ್ತಿರ ಕಪಿತ್ಥ. ಇದನ್ನೆಲ್ಲ ಮಕ್ಕಳು ಬೇಗ ಹಿಡಿಯುತ್ತಾರೆ. ಕಣ್ಣಿಗೆ ವರ್ಷಗಳೇ ಬೇಕು. ಮೃಗಶೀರ್ಷ ಹಸ್ತದಲ್ಲಿ ಕೊಳಲು ಹಿಡಿದು, ಕಾಲು ಅಡ್ಡ ಇಟ್ಟು ನಿಂತರೂ ನೋಟ ಗೋಡೆ ಗಡಿಯಾರದ ಮೇಲಿದ್ದರೆ ಅಲ್ಲಿ ಕೃಷ್ಣ ಇಲ್ಲ.

ಈಗ ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ಶುರು ಮಾಡಿದ್ದೇವೆ. ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರ ಅಭಿನಯದಿಂದ ಹೊರದೇಶಗಳಲ್ಲೂ ಹೆಸರಾದ ಪದ ಇದು. ಮಗುವಿನ ಬಾಯಲ್ಲಿ ತಾಯಿ ಜಗತ್ತನ್ನೇ ಕಾಣುವ ಕಡೆ ಕೊಳಲಿನ ಹಸ್ತ ಬೇಡ. ಯಶೋದೆಯ ಮುಖ ಸಾಕು. ದೇವರನ್ನು ತೋರಿಸುವುದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

"ಮಣ್ಣು ತಿಂದ್ಯಾ? ಬಾಯಿ ತೆಗಿ!" ಅಂತ ಎಲ್ಲರೂ ಕನ್ನಡದಲ್ಲೇ ಗದರುತ್ತಾರೆ. ಹೋದ ವಾರ, ನಾಲ್ಕು ಕೈ ಬಗ್ಗೆ ಕೇಳಿದ್ದ ಆ ಹುಡುಗಿ ಸುಮ್ನೆ ಗಾಳಿಯಲ್ಲಿ ಕೈ ಆಡಿಸುತ್ತಿದ್ದಳು. "ಮಗು ಎಷ್ಟೆತ್ತರ ಇದೆ?" ಅಂತ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ಮನೆಯಲ್ಲಿರುವ ತಮ್ಮನ ಅಳತೆಗೆ ಕೈ ಇಳಿಸಿದಳು. ಮಂಡಿಯೂರಿದಳು. ಎರಡು ಬೆರಳಲ್ಲಿ ಗಲ್ಲ ಹಿಡಿದಳು. ಗದರುತ್ತಿದ್ದ ತುಟಿ ನಿಂತಿತು. ಕಣ್ಣು ನಿಧಾನವಾಗಿ ಅಗಲವಾಯಿತು.

ಪಕ್ಕದಲ್ಲಿ ಕೂತಿದ್ದ ಇಬ್ಬರು ಮಕ್ಕಳು ಅವಳ ಬೆರಳ ಹತ್ತಿರ ಬಗ್ಗಿ ನೋಡಿದರು.